ರನ್ವಾ ಕುಣಿತಕ್ಕೆ ಸೇರಿದ್ದು

ನಮ್ಮ ಫಾರೋ ದ್ವೀಪಗಳ ಕುಣಿತಕ್ಕೆ ವಾದ್ಯವಿಲ್ಲ. ಕೈ ಕೈ ಹಿಡಿದು ಸುತ್ತುಗಟ್ಟಿ, ನೆಲಕ್ಕೆ ಹೆಜ್ಜೆ ಅಪ್ಪಳಿಸುತ್ತ ಉದ್ದುದ್ದ ಕಥೆಗಳನ್ನು ಹಾಡುತ್ತೇವೆ. ಯಾರು ಬೇಕಾದರೂ ನಡುವೆ ನುಗ್ಗಿ ಅಕ್ಕಪಕ್ಕದವರ ಕೈ ಹಿಡಿಯಬಹುದು, ಬೇಡವೆನ್ನುವ ರೂಢಿಯಿಲ್ಲ. ಹಾಡು ಎತ್ತಿಕೊಡುತ್ತಿದ್ದವಳು ನನ್ನಕ್ಕನ ಮಗಳು ರನ್ವಾ. ಅವಳು ದನಿ ತೆಗೆದರೆ ಮಂಡಿನೋವಿನ ಮುದುಕರೂ ಕುರ್ಚಿ ಬಿಟ್ಟೇಳುತ್ತಿದ್ದರು.

ಅವಳು ಕೆಲಸಕ್ಕೆ ಸೇರಿದ ಮೀನು ಕಾರ್ಖಾನೆಯ ಮೇಸ್ತ್ರಿ ಅದನ್ನು ಹಾಳುಮಾಡಿದ. ಮೀನು ಕೊಯ್ಯುವ ಚಾಕು ಹಿಡಿಯುವುದನ್ನು ಕಲಿಸುವ ನೆಪದಲ್ಲಿ ಹಿಂದಿನಿಂದ ಬಂದು ಅವಳ ಮೈಗೆ ಮೈ ಒತ್ತುತ್ತಿದ್ದ. ದೂರು ಹೋಯಿತು, ಅವನ ಕೆಲಸವೂ ಹೋಯಿತು. ಊರಿನ ಪಾಲಿಗೆ ಅಲ್ಲಿಗೆ ಮುಗಿಯಿತು. ರನ್ವಾಳಿಗೆ ಮುಗಿಯಲಿಲ್ಲ. ಗೋಡೆಗೆ ಬೆನ್ನು ಕೊಡದೆ ಕೂರಳು. ಅಂಗಡಿಯಲ್ಲಿ ಹಿಂದೆ ಯಾರಾದರೂ ನಿಂತರೆ ಸಾಮಾನು ಅಲ್ಲೇ ಬಿಟ್ಟು ಓಡುವಳು. ಹೆತ್ತಮ್ಮ ತಲೆ ಬಾಚಲು ಹೋದರೂ ಮೈ ಸೆಟೆದುಕೊಳ್ಳುತ್ತಿತ್ತು. ಹಾಡು ನಿಂತೇಹೋಯಿತು.

"ಅವನು ಹೋಗಿ ವರ್ಷವಾಯ್ತು, ಇನ್ನೂ ಎಂಥದ್ದೇ ಇವಳದ್ದು?" ಅಂದಳು ನೆರೆಮನೆಯ ಬೀರ್ನಾ.

ನನಗೆ ಮೈಯೆಲ್ಲ ಉರಿಯಿತು. "ಗಾಯ ನಿಂದಲ್ಲ ನೋಡು, ಅದ್ಕೇ ನಿಂಗೆ ಬೇಗ ಮಾಯ್ತು!"

ರನ್ವಾಳ ತಮ್ಮನ ಮದುವೆಯ ಸಂಜೆ ಅವಳ ಬದಲು ಊರಿನ ಹಿರಿಯ ಯಾಕುಪಜ್ಜ ಹಾಡು ಎತ್ತಿದ. ನಾನು ಅವನ ಪಕ್ಕದಲ್ಲಿದ್ದೆ. ರನ್ವಾ ಗೋಡೆಗೆ ಒರಗಿ ನಿಂತಿದ್ದಳು. ನಡುವಿನಲ್ಲಿ ಅಜ್ಜನಿಗೆ ನುಡಿ ಮರೆತುಹೋಯಿತು. ಹಾಡು ನಿಂತರೂ ಕುಣಿತ ನಿಲ್ಲುವಂತಿಲ್ಲ. ಯಾರಾದರೂ ಮುಂದಿನ ನುಡಿ ಎತ್ತಿಕೊಳ್ಳುವವರೆಗೆ ಹೆಜ್ಜೆ ಹಾಕುತ್ತಲೇ ಇರಬೇಕು. ಮರದ ನೆಲ ಧಡಧಡ ಎನ್ನುತ್ತಿತ್ತು. ಒಬ್ಬರಿಗೂ ಹೊಳೆಯಲಿಲ್ಲ.

ಆಗ ಗೋಡೆಯ ಕಡೆಯಿಂದ ದನಿ ಬಂತು. ಮೊದಲು ಒಡೆದ ದನಿ, ಆಮೇಲೆ ಅವಳದ್ದೇ ದನಿ. ಹಾಡುತ್ತಲೇ ರನ್ವಾ ಗೋಡೆ ಬಿಟ್ಟು ಒಂದೊಂದೇ ಹೆಜ್ಜೆ ಬಂದಳು, ನನ್ನ ಮತ್ತು ಅಜ್ಜನ ನಡುವೆ. ಅಭ್ಯಾಸಬಲದಿಂದ ಅಜ್ಜನ ಕೈ ಅವಳ ಕಡೆ ಚಾಚಿಕೊಂಡಿತು. ಅವಳ ದನಿ ನಡುಗಿತು. ಮತ್ತೆ ಓಡುತ್ತಾಳೆಂದುಕೊಂಡೆ.

ಅಜ್ಜ ಕೈಯನ್ನು ಅರ್ಧಕ್ಕೇ ತಡೆದ. ಆ ಸುತ್ತಿನಲ್ಲಿ ಯಾರೂ ಯಾರನ್ನೂ ಕೇಳದ ಮಾತು ಕೇಳಿದ: "ಹಿಡೀಲೇನಮ್ಮಾ?"

"ಬೇಡಜ್ಜ."

"ಆಯ್ತು ತಾಯಿ. ನೀ ಹಾಡು."

ನಾನೂ ಕೈ ಇಳಿಸಿದೆ. ಸುತ್ತು ಅಲ್ಲಿ ತುಂಡಾಯಿತು, ಆದರೂ ತಿರುಗಿತು. ಕಾರ್ಖಾನೆಯ ಮೇಜಿನೆದುರು ಗಂಟಲಲ್ಲೇ ಸಿಕ್ಕಿಕೊಂಡಿದ್ದ 'ಬೇಡ' ಎಂಬ ಮಾತನ್ನು ರನ್ವಾ ಈಗ ಆಡಿದ್ದಳು. ಯಾರೂ ಮುನಿಯಲಿಲ್ಲ, ಯಾರೂ ನಗಲಿಲ್ಲ. ಬೆರಗಿನಲ್ಲಿ ನನಗೆ ಹೆಜ್ಜೆ ತಪ್ಪಿತು. ರನ್ವಾ ಮುಂದಿನ ನುಡಿ ಎತ್ತಿದಳು, ಇನ್ನೂ ಜೋರಾಗಿ.