ಬಾಯಿಪಾಠವಾದ ಕೊನೇ ಸಾಲು

ಮೂವತ್ತು ವರ್ಷದಿಂದ ಜನರ ಕಣ್ಣು ಪರೀಕ್ಷೆ ಮಾಡುತ್ತಿದ್ದೇನೆ. ನನ್ನೆದುರು ಕೂತು ಸುಳ್ಳು ಹೇಳಿದವರಿಗೆ ಲೆಕ್ಕವಿಲ್ಲ. ಆದರೆ ಒಂದು ಪೇಟೆ ಮತ್ತು ಅದರ ಅಕ್ಕಪಕ್ಕದ ಎರಡು ಹಳ್ಳಿ ಒಟ್ಟಾಗಿ ನನ್ನ ಕಣ್ಣಿಗೆ ಮಣ್ಣೆರಚಲು ನೋಡಿದ್ದು ಅದೊಂದೇ ಸಲ.

ಆಸ್ಪತ್ರೆಯವರು ಮೂರು ದಿನದ ಶಿಬಿರಕ್ಕೆಂದು ಜೀಪಿನಲ್ಲಿ ಕಳಿಸಿದ್ದರು. ಜೊತೆಗೆ ಒಂದು ಅಕ್ಷರದ ಬೋರ್ಡು, ಗಾಜುಗಳ ಪೆಟ್ಟಿಗೆ, ನೂರಿಪ್ಪತ್ತು ಸಿದ್ಧ ಕನ್ನಡಕ. ಬೇರೆ ಹೆಸರು ಸಿಗದೆ ಪೇಟೆ ಎನ್ನುವಂಥ ಪೇಟೆ: ಒಂದು ಬೀದಿ, ಎರಡು ಕ್ಷೌರದಂಗಡಿ, ಒಂದು ಗ್ರಂಥಾಲಯ. ಗ್ರಂಥಾಲಯದ ಗೋಡೆಗೆ, ಗೊಬ್ಬರದಂಗಡಿಯ ಕ್ಯಾಲೆಂಡರಿನ ಪಕ್ಕ, ನನ್ನ ಬೋರ್ಡು ತೂಗುಹಾಕಿದೆ. ಊರಿನ ಏಕೈಕ ಬಸ್ಸಿನ ಕಂಡಕ್ಟರ್ ತಾನಾಗಿಯೇ ಬಂದು ಸಾಲು ನಿಲ್ಲಿಸುವ ಕೆಲಸ ವಹಿಸಿಕೊಂಡ. ಬಸ್ಸಿಲ್ಲವೇ ಎಂದರೆ ಸಂಜೆವರೆಗೆ ರಿಪೇರಿಗೆ ನಿಂತಿದೆ ಎಂದ. ಎಂಥ ಒಳ್ಳೆಯ ಮನುಷ್ಯ ಅಂದುಕೊಂಡೆ. ಅವನು ಟಿಕೆಟ್ ಪುಸ್ತಕದ ಹಿಂದೆ ಏನೋ ಗೀಚಿಕೊಳ್ಳುತ್ತಿದ್ದುದನ್ನು ನೋಡಿಯೂ ನನಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಗುಡ್ಡದ ಮೇಲಿನ ಹಳ್ಳಿ. ಅಲ್ಲಿಯವರಿಗೆ ಮೇಲಿನ ದಪ್ಪ ಅಕ್ಷರಗಳ ಗೊಡವೆಯೇ ಬೇಡ. ಕೂತವರೆಲ್ಲ ನೇರ ಕೊನೇ ಸಾಲಿಗೆ ಇಳಿದು, ಉಸಿರು ಬಿಡದೆ, ಗ ಟ ಮ ರ ಪ ಎನ್ನುತ್ತಿದ್ದರು. ಒಬ್ಬಾತ ಅದನ್ನು ಒಂದು ತಪ್ಪಿಲ್ಲದೆ ಓದಿ, ಎದ್ದು, ಬಾಗಿಲೆಂದುಕೊಂಡು ಬೀರುವಿನೊಳಗೆ ಹೊರಟ. ಕೊನೆಗೆ ಬಂದ ಅಜ್ಜಿಯೊಬ್ಬಳು ಕೂರುವ ಮೊದಲೇ ಸಾಲು ಒಪ್ಪಿಸಿಬಿಟ್ಟಳು. ನನಗೆ ರೇಗಿತು.

"ಅಜ್ಜೀ, ನಿಮಗೆ ಓದೋಕೆ ಬರುತ್ತಾ?"

"ಇಲ್ಲಮ್ಮ. ಇದೊಂದು ಸಾಲು ಬರುತ್ತೆ."

ಎಲ್ಲಿ ಕಲಿತಿರಿ ಎಂದರೆ ಬಸ್ಸಲ್ಲಿ ಎಂದಳು. ಅದಕ್ಕಿಂತ ಹೆಚ್ಚು ಅವಳ ಬಾಯಿಂದ ಹೊರಡಲಿಲ್ಲ. ಹೊಳೆಯಾಚೆಯ ಹಳ್ಳಿಯವರಿಗೆ ಹೇಗೂ ಕಣ್ಣು ಮಂಜು, ಕಂಡವರ ಆಸ್ತಿ ಮೇಲೆ ಕಣ್ಣು ಹಾಕಿ ಹಾಕಿ ಸವೆದುಹೋಗಿದೆ ಎಂದಷ್ಟೇ ತಿಳಿಸಿ ಎದ್ದುಹೋದಳು. ಮಧ್ಯಾಹ್ನ ಹೊಳೆಯಾಚೆ ಹೋದರೆ ಅವರೂ ಗುಡ್ಡದವರ ಬಗ್ಗೆ ಇದೇ ಮಾತು ಹೇಳಿದರು. ಅದಾದ ಮೇಲೆ ಅದೇ ಸಾಲನ್ನು ಮಗ್ಗಿಯ ಧಾಟಿಯಲ್ಲಿ ಒಪ್ಪಿಸಿದರು. ಎರಡು ಊರಿಗೂ ಒಮ್ಮತವಿದ್ದದ್ದು ಆ ಐದು ಅಕ್ಷರದಲ್ಲಿ ಮಾತ್ರ.

ಮೂರನೇ ದಿನ ಜೀಪು ಬರಲಿಲ್ಲ. ಮಧ್ಯಾಹ್ನದ ಬಸ್ಸಿಗೇ ವಾಪಸ್ಸು ಹೋಗಬೇಕೆಂದು ಗ್ರಂಥಾಲಯದಲ್ಲಿ ಸಾಮಾನು ಕಟ್ಟುತ್ತಿದ್ದೆ. ಆಗ ಕಂಡಕ್ಟರ್ ಡ್ರೈವರನ್ನು ಮೊಣಕೈ ಹಿಡಿದು ಕರೆತಂದ. ಡ್ರೈವರ್ ಕಂಡಕ್ಟರನ ಅಕ್ಕನ ಗಂಡ. ಹೆತ್ತವರು ಇಟ್ಟ ಹೆಸರು ಏನಿತ್ತೋ, ಮೂರೂ ಊರಿಗೆ ಬಸ್ಸಣ್ಣ. ಲೈಸೆನ್ಸಿನ ಅವಧಿ ಅವತ್ತಿಗೆ ಮುಗಿಯುತ್ತಿತ್ತು. ಕಣ್ಣು ಸರಿಯಿದೆಯೆಂದು ನಾನು ಬರೆದುಕೊಡದಿದ್ದರೆ ಬಸ್ಸು ನಿಂತಂತೆಯೇ, ಡಿಪೋದವರು ಈ ದಾರಿಯನ್ನು ಕೈಬಿಡಲು ಇಂಥದೇ ಒಂದು ನೆಪ ಕಾಯುತ್ತಿದ್ದಾರೆ ಎಂದು ಕಂಡಕ್ಟರ್ ಕೈ ಹಿಸುಕಿಕೊಂಡ.

ಬೋರ್ಡನ್ನು ಮತ್ತೆ ಗೋಡೆಗೆ ಹಾಕಿದೆ. ಬಸ್ಸಣ್ಣ ಸ್ಟೂಲಿನ ಮೇಲೆ ಕೂತು, ಎದೆ ಸೆಟೆಸಿ, ಗಟ್ಟಿ ದನಿಯಲ್ಲಿ ಕೊನೇ ಸಾಲು ಓದಿದ. ಓದಿದ್ದು ಗೊಬ್ಬರದಂಗಡಿಯ ಕ್ಯಾಲೆಂಡರ್ ನೋಡಿಕೊಂಡು.

"ಬಸ್ಸಣ್ಣ, ಬೋರ್ಡು ಈ ಕಡೆ ಇದೆ," ಎಂದೆ.

ಅವನು ಗಾಬರಿಯಿಂದ ತಿರುಗಿ ಮತ್ತೊಮ್ಮೆ ಓದಿದ. ಈ ಸಲ ನನ್ನ ಮುಖ ನೋಡಿಕೊಂಡು. ಕಿಟಕಿಯಾಚೆ ಇಪ್ಪತ್ತು ಜನ ಪ್ರಯಾಣಿಕರು ನಿಂತಿದ್ದರು. ಎಲ್ಲರ ತುಟಿಯೂ ಅವನ ಜೊತೆ ಅಲುಗುತ್ತಿತ್ತು.

ಆಗ ನನಗೆ ಎಲ್ಲ ಅರ್ಥವಾಯಿತು. ಮೊದಲ ದಿನ ಸಂಜೆಯಿಂದಲೇ ಕಂಡಕ್ಟರ್ ಬಸ್ಸಿನಲ್ಲಿ ಭಾವನಿಗೆ ಪಾಠ ಹೇಳಿದ್ದ. ಹತ್ತಿದವರೆಲ್ಲ ದನಿಗೂಡಿಸಿ ಬಾಯಿಪಾಠ ಮಾಡಿಕೊಂಡು, ಅದನ್ನೇ ನನ್ನೆದುರೂ ಒಪ್ಪಿಸಿದ್ದರು. ಇಷ್ಟು ಕಾಣದವನು ಬಸ್ಸು ಹೇಗೆ ಓಡಿಸುತ್ತಿದ್ದ, ನಿಮ್ಮೆಲ್ಲರ ಜೀವಕ್ಕೆ ಬೆಲೆ ಇಲ್ಲವಾ ಎಂದು ಕಿಟಕಿಗೆ ಕೇಳುವ ಹಾಗೆ ಕೂಗಾಡಿದೆ. ಬಸ್ಸಣ್ಣ ತಲೆ ತಗ್ಗಿಸಿದ.

"ಕನ್ನಡಕ ಬಂದ್ರೆ ಸ್ಟೀರಿಂಗ್ ಕಿತ್ಕೋತಾರೆ ಮೇಡಂ. ಇದು ಬಿಟ್ರೆ ನಂಗೆ ಬೇರೆ ಕೆಲಸ ಗೊತ್ತಿಲ್ಲ."

ಹಾಗಂತ ಹೇಳಿದವರು ಯಾರು ಎಂದು ಕೇಳಿದೆ. ಕನ್ನಡಕ ಹಾಕಿಕೊಂಡು ನೆಟ್ಟಗೆ ಕಂಡರೆ ಸಾಕು, ಈಗಲೇ ಸಹಿ ಹಾಕುತ್ತೇನೆ ಎಂದೆ. ಕಿಟಕಿಯ ಇಪ್ಪತ್ತು ಮುಖವೂ ಕಂಡಕ್ಟರನ ಕಡೆ ತಿರುಗಿತು. ಅವನು ಕತ್ತು ಕೆರೆದುಕೊಂಡ.

"ಹಾಗಿರಬಹುದು ಅಂದ್ಕೊಂಡಿದ್ದೆ."

ನಾಲ್ಕು ವರ್ಷ ಅಂದುಕೊಂಡಿದ್ದನಂತೆ. ಬಸ್ಸಣ್ಣ ಭಾವಮೈದುನನಿಗೆ ಏನೆಂದ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬೋರ್ಡಿನ ಹಿಂಬದಿಯಲ್ಲಿ ಬೇರೆ ಅಕ್ಷರಗಳಿರುತ್ತವೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಅದನ್ನು ತಿರುಗಿಸಿ ಹಾಕಿದೆ. ಮೈನಸ್ ನಾಲ್ಕು ಗಾಜು ಕೂತ ಮೇಲೆ ಬಸ್ಸಣ್ಣ ಒಂದೊಂದೇ ಅಕ್ಷರವನ್ನು, ಧಾಟಿಯಿಲ್ಲದೆ, ತಾನೇ ನಂಬದವನಂತೆ ಓದಿದ. ಕೊನೇ ಸಾಲೂ ಓದಿದ. ಸಹಿ ಹಾಕಿದೆ. ಆ ನಂಬರಿನಲ್ಲಿ ನನ್ನ ಬಳಿ ಉಳಿದಿದ್ದದ್ದು ಹೆಂಗಸರ ಕನ್ನಡಕವೊಂದೇ. ನೇರಳೆ ಬಣ್ಣದ್ದು, ಮೂಲೆಯಲ್ಲಿ ಹೊಳೆಯುವ ಹರಳಿನದ್ದು. ಡ್ರೈವರ್ ಅದನ್ನೇ ಹಾಕಿಕೊಂಡು ಬಸ್ಸು ಹತ್ತಿದ. ಹಿಂದೆಯೇ ನಾನೂ ಹತ್ತಿದೆ.

ಮುಂದಿನ ಸೀಟಿನಲ್ಲಿ ಗುಡ್ಡದ ಹಳ್ಳಿಯ ಅದೇ ಅಜ್ಜಿ ಕೂತಿದ್ದಳು. ಬಸ್ಸು ಹೊರಟದ್ದೇ ತಡ, ಎಡಕ್ಕೊಂದು ಗುಂಡಿ ಎಂದಳು. ಹಿಂದಿನಿಂದ ಇನ್ನೊಬ್ಬರು, ಎಮ್ಮೆ ಬರ್ತಿದೆ ನಿಧಾನ ಎಂದರು. ನಾಲ್ಕು ವರ್ಷ ಆ ಬಸ್ಸು ಓಡಿದ್ದು ಇವರ ಕಣ್ಣಿಂದ. ಕಾಣ್ತಿದೆ ಕಣಜ್ಜಿ, ಕಾಣ್ತಿದೆ ಎಂದು ಬಸ್ಸಣ್ಣ ಎಷ್ಟು ಹೇಳಿದರೂ ಯಾರೂ ಬಾಯಿ ಮುಚ್ಚಲಿಲ್ಲ. ಸೇತುವೆ ಬಂದಾಗ ಮಾತ್ರ ಅವನು ಬ್ರೇಕ್ ಹಾಕಿ, ಇಳಿದು, ಅದರ ಅಗಲವನ್ನು ಹೆಜ್ಜೆ ಹಾಕಿ ಅಳೆದು ಬೆವರು ಒರೆಸಿಕೊಂಡ. ದಿನಕ್ಕೆ ನಾಲ್ಕು ಸಲ ದಾಟುತ್ತಿದ್ದ ಸೇತುವೆ ಅದು.

ಮುಂದಿನ ತಿರುವಿನಲ್ಲಿ ಬಸ್ಸು ಅಭ್ಯಾಸಬಲದಿಂದ ತಾನಾಗಿಯೇ ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ರಸ್ತೆಯಾಚೆ ಕೆಟ್ಟುನಿಂತ ಕೈಪಂಪೊಂದಕ್ಕೆ ಯಾರೋ ಹರಕು ತಾಡಪಾಲು ಹೊದಿಸಿದ್ದರು. ಅದರ ಹಿಡಿ ಮೇಲಕ್ಕೆ ಎತ್ತಿಕೊಂಡಿತ್ತು. ಬಸ್ಸಣ್ಣ ಬಹಳ ಹೊತ್ತು ಅದನ್ನೇ ನೋಡಿದ.

"ಇದು ಪಂಪಾ?"

ಗುಂಡಿ, ಎಮ್ಮೆ ತೋರಿಸುತ್ತಿದ್ದವರೆಲ್ಲ ಇನ್ನೊಂದು ಬದಿಯ ಕಿಟಕಿಗೆ ತಿರುಗಿದರು.

"ನಾಲ್ಕು ವರ್ಷದಿಂದ ದಿನಾ ಇಲ್ಲಿ ನಿಲ್ಸಿ 'ಬರ್ತೀರಾ ಯಜಮಾನ್ರೇ' ಅಂತ ಕೇಳ್ತಿದ್ದೀನಲ್ಲ. ಒಬ್ರಾದ್ರೂ ಹೇಳಬಾರದಾ?"

"ಅಷ್ಟು ಪ್ರೀತಿಯಿಂದ ಕೇಳ್ತಿದ್ದೆ ಕಣಪ್ಪ," ಎಂದಳು ಅಜ್ಜಿ. "ಮನಸ್ಸು ಬರಲಿಲ್ಲ."

ಅವನು ನೇರಳೆ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಕಣ್ಣನ್ನೂ ಒರೆಸಿಕೊಂಡು, ಮತ್ತೆ ಹಾಕಿಕೊಂಡ. ಎರಡು ದಿನದಿಂದ ಹೊತ್ತಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ. ಬಸ್ಸಣ್ಣ ಕಿಟಕಿಯಿಂದ ಕೈ ಹೊರಹಾಕಿದ.

"ಬರ್ತೀರಾ ಯಜಮಾನ್ರೇ?"

ಹಿಂದಿನ ಬಾಗಿಲಿನಿಂದ ಕಂಡಕ್ಟರ್, ನಾಲ್ಕು ವರ್ಷದಿಂದ ದಿನವೂ ಹೇಳುತ್ತಿದ್ದ ಉತ್ತರವನ್ನೇ ಹೇಳಿದ.

"ನಾಳೆ ಬರ್ತಾರಂತೆ ಭಾವ. ರೈಟ್."