ಬಾಯಿ ಬಿಡದ ಮ್ಯಾನೇಜರು

ರೇಡಿಯೋಗೆ ಫೋನು ಮಾಡಿದಾಗ ಫಿಡೆಲ್ಮಾ ಗಕಿಯನ್ ತನ್ನ ಹೆಸರು ಕಾರ್ಮೆಲ್ ಎಂದು ಹೇಳಿದ್ದು ಯಾರಿಗೂ ಗುರುತು ಸಿಗಬಾರದೆಂದು. ಆದರೆ ಕಿಲ್ಕಾರಾದಲ್ಲಿ ಅವಳ ದನಿ ಗೊತ್ತಿಲ್ಲದವರು ಯಾರಿದ್ದರು? ಹನ್ನೊಂದು ವರ್ಷ ಶಾಲೆಯ ಮುಂದೆ ನಿಂತು ಮಕ್ಕಳನ್ನು ರಸ್ತೆ ದಾಟಿಸಿದವಳು ಅವಳು. ಹಾಲಿನ ಲಾರಿಗಳು ಅವಳ ಕೈಯಲ್ಲಿನ ಫಲಕ ನೋಡಿ ನಿಲ್ಲುತ್ತಿರಲಿಲ್ಲ, ದನಿ ಕೇಳಿ ನಿಲ್ಲುತ್ತಿದ್ದವು.

ಸೋಮವಾರ ಸಂಜೆ ಆರಕ್ಕೆ ಲೀಟ್ರಿಮ್ ಕೌಂಟಿಯ ರೇಡಿಯೋದಲ್ಲಿ ಹಿಂದಿನ ದಿನದ ಫುಟ್‌ಬಾಲ್ ಬಗ್ಗೆ ಯಾರು ಬೇಕಾದರೂ ಮಾತಾಡಬಹುದಿತ್ತು. ಅದು ಐರ್ಲೆಂಡಿನ ಫುಟ್‌ಬಾಲ್: ಒಂದೊಂದು ಕಡೆ ಹದಿನೈದು ಜನ, ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಗೋಲಿನ ಮೇಲಿಂದ ಹಾಯಿಸಿದರೆ ಒಂದು ಅಂಕ, ಬಲೆಗೆ ಹೊಡೆದರೆ ಮೂರು. ಕಾರ್ಮೆಲ್ ಸುಮ್ಮನೆ ಮಾತಾಡಲಿಲ್ಲ, ತೊಳೆದು ಒಣಗಿಹಾಕಿದಳು.

"ನಮ್ಮ ಕಿಲ್ಕಾರಾದವರು ಚೆಂಡು ಸಿಕ್ಕಿದ ಕೂಡ್ಲೇ ಹಿಂದಕ್ಕೆ ತಿರುಗಿ ನೋಡ್ತಾರೆ, ಮನೇಲಿ ಒಲೆ ಆರಿಸಿದೀನೋ ಇಲ್ವೋ ಅನ್ನೋ ಥರ. ಹದಿನೈದು ಜನಾನೂ ತಮ್ಮ ಗೋಲಿನ ಮುಂದೇನೇ ಕುರಿಮಂದೆ ಹಂಗೆ ನಿಂತ್ಕೊಂಡ್ರೆ ಆ ಕಡೆ ಹೋಗಿ ಹೊಡೆಯೋರು ಯಾರು, ಪಾದ್ರಿಗಳಾ? ಇನ್ನು ಆ ಮ್ಯಾನೇಜರು ಫರ್ಗಲ್ ಬೋಹನ್. ಏಳು ವಾರ ಆಯ್ತು, ಪೇಪರಿನವರ ಹತ್ರಾನೂ ಮಾತಿಲ್ಲ, ನಿಮ್ಮ ಹತ್ರಾನೂ ಮಾತಿಲ್ಲ. ಮೌನವ್ರತ ಹಿಡಿಯೋ ಆಸೆ ಇದ್ರೆ ಮಠ ಸೇರ್ಕೊಳ್ಲಿ, ತಂಡ ಬಿಟ್ಕೊಡ್ಲಿ."

ಫೋನು ಇಟ್ಟು ಕೆಟಲ್ ಒಲೆಗೆ ಏರಿಸುವಷ್ಟರಲ್ಲಿ ಪಕ್ಕದ ಜಮೀನಿನ ಮಲ್ವಿ ಬಾಗಿಲು ತಟ್ಟದೆ ಒಳಗೆ ಬಂದ. ಎಪ್ಪತ್ತರ ಬ್ರಹ್ಮಚಾರಿ. ಅವಳು ಹೌದು ಎಂದದ್ದಕ್ಕೆ ಅಲ್ಲ ಎನ್ನುವುದರಲ್ಲಿಯೇ ನಲವತ್ತು ವರ್ಷ ಕಳೆದವನು.

"ಕಾರ್ಮೆಲ್ ಇದಾಳಾ?" ಎಂದ.

"ಯಾವ ಕಾರ್ಮೆಲ್?"

"ಅದೇ, ರೇಡಿಯೋದಲ್ಲಿ ಮಾತಾಡ್ತಿದ್ಲಲ್ಲ, ಹಿಂದೆ ನಿನ್ನ ಅಡುಗೆಮನೆ ಗಡಿಯಾರ ಆರು ಹೊಡೆಯೋದು ಕೇಳಿಸ್ತಿತ್ತಲ್ಲ, ಅವಳು." ಕುರ್ಚಿ ಎಳೆದುಕೊಂಡು ಕೂತ. "ಬಯ್ಯೋದು ಸುಲಭ ಕಣೇ. ನಮ್ಮೂರಲ್ಲಿ ಆಡೋರು ಇಪ್ಪತ್ತೆರಡು ಜನ. ಅದರಲ್ಲಿ ಇಬ್ಬರಿಗೆ ಮಂಡಿ ಇಲ್ಲ, ಒಬ್ಬನಿಗೆ ನಾಳೆಯೋ ನಾಡಿದ್ದೋ ಮಗು ಹುಟ್ಟುತ್ತೆ. ಇರೋ ಹಿಟ್ಟಲ್ಲೇ ರೊಟ್ಟಿ ತಟ್ಬೇಕು. ಅಷ್ಟಾದ್ರೂ ಸೆಮಿಫೈನಲ್‌ಗೆ ಬಂದಿದೀವೋ ಇಲ್ವೋ?"

"ಬಂದಿದೀವಿ. ತೆವಳ್ಕೊಂಡು ಬಂದಿದೀವಿ. ಏಳಕ್ಕೆ ಆರು. ಅದೇನು ಫುಟ್‌ಬಾಲ್ ಅಂಕಾನಾ, ಬಸ್ಸಿನ ಟೈಮಾ?"

"ಗೆದ್ದಿದ್ದು ಗೆದ್ದಂಗೇ. ಬರೋ ಭಾನುವಾರ ಡ್ರಮೀನಿನವರನ್ನೂ ಹಂಗೇ ಗೆಲ್ತೀವಿ. ಆಮೇಲೆ ನವೆಂಬರಲ್ಲಿ ಅವರ ಜೊತೇನೇ ಸೇರ್ಕೊಳ್ತೀವಿ."

ಫಿಡೆಲ್ಮಾ ಟೀ ಬಸಿಯುವುದನ್ನು ನಿಲ್ಲಿಸಿದಳು. ಕಿಲ್ಕಾರಾ ಮತ್ತು ಪಕ್ಕದ ಡ್ರಮೀನ್, ಎರಡು ಊರಿನ ಕ್ಲಬ್ಬುಗಳನ್ನು ಒಂದು ಮಾಡುವ ಬಗ್ಗೆ ನವೆಂಬರಿನಲ್ಲಿ ಸಭೆ ಇತ್ತು. ಅದರ ಮಾತೆತ್ತಿದರೆ ಅವಳಿಗೆ ಮೈಯೆಲ್ಲ ಉರಿ.

"ಡ್ರಮೀನಿನವರ ಜೊತೆ ಸೇರೋ ಬದಲು ಸಗಣಿ ಹೊಂಡಕ್ಕೆ ಇಳೀತೀನಿ."

"ಇಳಿ. ಆದ್ರೆ ಇಳಿಯೋ ಮುಂಚೆ ಲೆಕ್ಕ ಕೇಳು. ಈ ಸಲ ಶಾಲೆಗೆ ಹೊಸದಾಗಿ ಸೇರಿದ್ದು ನಾಲ್ಕೇ ಮಕ್ಕಳು. ಅದರಲ್ಲಿ ಮೂರು ಹುಡುಗೀರು."

"ಹುಡುಗೀರು ಆಡಲ್ವಾ?"

"ಆಡ್ತಾರೆ ಬಿಡು. ನಿನ್ನಂಥ ಬಾಯಿದ್ರೆ ಚೆಂಡೂ ಬೇಕಾಗಿಲ್ಲ." ಮಲ್ವಿ ಟೀ ಹೀರಿದ. ಆಮೇಲೆ ಸ್ವಲ್ಪ ಮೆತ್ತಗೆ, "ನಿನ್ನ ಸಿಟ್ಟಿನ ಬೇರು ಎಲ್ಲಿದೆ ಅಂತ ನಂಗೊತ್ತು. ಟೀರ್ನನ್ ವಿಷಯ ತಾನೇ?" ಎಂದ.

ಟೀರ್ನನ್ ಅವಳ ಅಣ್ಣನ ಮಗ. ಹದಿನಾರು ವರ್ಷ ಕಿಲ್ಕಾರಾದ ಗೋಲಿನ ಮುಂದೆ, ಗೋಲ್‌ಕೀಪರಿಗಿಂತ ಒಂದು ಹೆಜ್ಜೆ ಆಚೆ, ಕಾವಲು ನಿಂತವನು. ಜುಲೈನಲ್ಲಿ ಒಂದು ಪಂದ್ಯ ಸೋತು ಹೊರಬರುವಾಗ ವರದಿಗಾರನೊಬ್ಬ ಫರ್ಗಲ್‌ನ ಮೂಗಿನ ಕೆಳಗೆ ಫೋನು ಹಿಡಿದು, ಕೊನೆಯ ಗೋಲು ಹೇಗೆ ಬಿಟ್ಟಿರಿ ಎಂದು ಕೇಳಿದ್ದ. ಫರ್ಗಲ್ ಸುಸ್ತಾಗಿದ್ದ, ನಕ್ಕು, "ಟೀರ್ನನ್ ತಿರುಗೋ ಹೊತ್ತಿಗೆ ಹಡಗೂ ತಿರುಗಿಬಿಡುತ್ತೆ" ಎಂದಿದ್ದ. ಬುಧವಾರದ ವಾರಪತ್ರಿಕೆಯಲ್ಲಿ ಅದೇ ಮಾತು ದಪ್ಪಕ್ಷರದ ತಲೆಬರಹ. ಅಂಗಡಿಯಲ್ಲಿ, ಇಗರ್ಜಿಯ ಅಂಗಳದಲ್ಲಿ, ಎಲ್ಲಿ ಹೋದರೂ ಯಾರಾದರೊಬ್ಬರು ಹಡಗಿನ ಹಾಗೆ ಪೂಂ ಎಂದು ಶಬ್ದ ಮಾಡುವವರೇ. ಟೀರ್ನನ್ ಬೂಟು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದವನು ಮತ್ತೆ ಅಭ್ಯಾಸಕ್ಕೆ ಬರಲಿಲ್ಲ. ಫರ್ಗಲ್ ಅಂದಿನಿಂದ ಪತ್ರಿಕೆ, ರೇಡಿಯೋ ಎರಡಕ್ಕೂ ಬೀಗ ಹಾಕಿದ. ಆಟಗಾರರಿಗೂ ಅದೇ ಅಪ್ಪಣೆ.

ಮಾರನೆಯ ಬೆಳಿಗ್ಗೆ ಫಿಡೆಲ್ಮಾಳ ಕೆಂಪು ಕಡಸು ಕೊಟ್ಟಿಗೆಯಲ್ಲಿ ನೋವು ತಿನ್ನುತ್ತಿತ್ತು. ಚೊಚ್ಚಲ ಬಸಿರು. ಎಂಟು ಗಂಟೆಯಾದರೂ ಕರುವಿನ ಮೂತಿ ಮತ್ತು ಒಂದು ಗೊರಸು ಮಾತ್ರ ಕಾಣುತ್ತಿತ್ತು, ಇನ್ನೊಂದು ಕಾಲಿನ ಸುಳಿವಿಲ್ಲ. ಅವಳು ಮೊದಲು ಟೀರ್ನನ್‌ಗೆ ಫೋನು ಮಾಡಿ ಬರಹೇಳಿದಳು, ಎಳೆಯಲು ಗಟ್ಟಿ ಕೈ ಬೇಕಿತ್ತು. ಆಮೇಲೆ ದನದ ಆಸ್ಪತ್ರೆಗೆ ಮಾಡಿದಳು.

"ಯಾರು ಬರ್ತಾರೆ?"

"ಫರ್ಗಲ್ ಒಬ್ರೇ ಇರೋದು ಇವತ್ತು. ಇನ್ನೊಬ್ರು ರಜೆ" ಎಂದಳು ಆ ಕಡೆಯ ಹುಡುಗಿ.

ಆಟದ ಮ್ಯಾನೇಜರಿಗೆ ಸಂಬಳವಿಲ್ಲ. ಫರ್ಗಲ್ ಬೋಹನ್ ಹೊಟ್ಟೆಪಾಡಿಗೆ ಪಶುವೈದ್ಯ. ಕಿಲ್ಕಾರಾದಲ್ಲಿ ಅವನನ್ನು ಬಯ್ದವರೆಲ್ಲ ಒಂದಲ್ಲ ಒಂದು ದಿನ ಅವನಿಗೆ ಬಿಸಿನೀರು, ಸೋಪು ಹಿಡಿದು ನಿಲ್ಲಲೇಬೇಕಿತ್ತು. ಫಿಡೆಲ್ಮಾ ಕಡಸಿನ ಕಣ್ಣು ನೋಡಿದಳು. "ಬೇಗ ಬರೋಕೆ ಹೇಳಮ್ಮ" ಎಂದಳು.

ಜೀಪಿನಿಂದ ಇಳಿದವನನ್ನು ಕಂಡು ಟೀರ್ನನ್ ಹಗ್ಗ ಕೆಳಗಿಟ್ಟ. "ಅತ್ತೆ, ಇವನನ್ನೇ ಕರೆಸ್ಬೇಕಿತ್ತಾ?"

"ಕಡಸಿಗೆ ನಿನ್ನ ಫುಟ್‌ಬಾಲ್ ಗೊತ್ತಿಲ್ಲ ಕಣೋ. ಹಗ್ಗ ಎತ್ಕೋ."

ಇಬ್ಬರು ಗಂಡಸರೂ ಗೋಡೆಗೆ ನಮಸ್ಕಾರ ಹೇಳಿದ ಹಾಗೆ ತಲೆಯಾಡಿಸಿದರು. ಫರ್ಗಲ್ ತೋಳು ತೊಳೆದು, ಭುಜದವರೆಗೂ ಒಳಗೆ ಹಾಕಿ, ಕಣ್ಣು ಮುಚ್ಚಿ ತಡಕಿದ.

"ಎಡಗಾಲು ಮಂಡಿಯಿಂದ ಹಿಂದಕ್ಕೆ ಮಡಚಿಕೊಂಡಿದೆ. ತಲೆ ಗಟ್ಟಿಯಾಗಿ ಹಿಡ್ಕೊಳ್ಳಿ ಫಿಡೆಲ್ಮಾ." ತಡಕುತ್ತಲೇ, "ಇಲ್ಲಾ ಕಾರ್ಮೆಲ್ ಅನ್ಬೇಕೋ?" ಎಂದ.

ಫಿಡೆಲ್ಮಾಳ ಕಿವಿ ಕೆಂಪಾಯಿತು. ಅವಳು ಕಡಸಿನ ಹಣೆಯನ್ನೇ ನೋಡುತ್ತ ನಿಂತಳು.

"ಈಗ ಮೊದಲು ಕರುವನ್ನ ಹಿಂದಕ್ಕೆ ತಳ್ಬೇಕು" ಎಂದ ಫರ್ಗಲ್, ಏದುಸಿರು ಬಿಡುತ್ತ. "ಹಿಂದೆ ಜಾಗ ಮಾಡ್ಕೊಂಡ್ರೇನೇ ಕಾಲು ಮುಂದಕ್ಕೆ ಬರೋದು. ಇದು ರೇಡಿಯೋದವರಿಗೆ ಅರ್ಥ ಆಗಲ್ಲ."

ಇದಕ್ಕೆ ಸುಮ್ಮನಿರುವುದು ಅವಳಿಂದಾಗಲಿಲ್ಲ. "ತಳ್ಳಪ್ಪ, ಯಾರು ಬೇಡ ಅಂದ್ರು? ಆದ್ರೆ ಕೊನೆಗೆ ಮುಂದಕ್ಕೆ ಬರ್ಬೇಕು ತಾನೇ? ನಿನ್ನ ತಂಡ ಹಿಂದಕ್ಕೆ ಹೋದದ್ದು ಅಲ್ಲೇ ಬೇರು ಬಿಟ್ಕೊಂಡಿದೆ."

ಟೀರ್ನನ್ ಕೆಮ್ಮಿದ. ಅದು ನಗುವೆಂದು ಅವಳಿಗೆ ತಿಳಿಯಿತು.

ಕಾಲು ಸಿಕ್ಕಿತು. ಫರ್ಗಲ್ ಎರಡು ಗೊರಸಿಗೂ ಹಗ್ಗ ಬಿಗಿದು ಒಂದು ತುದಿ ತಾನು ಹಿಡಿದು ಇನ್ನೊಂದನ್ನು ಟೀರ್ನನ್ ಕೈಗೆ ಕೊಟ್ಟ. "ಅದು ತಿಣುಕಿದಾಗ ಎಳಿ. ಬಿಟ್ಟಾಗ ಬಿಡು." ಏಳು ವಾರದಲ್ಲಿ ಅವರಿಬ್ಬರ ನಡುವಿನ ಮೊದಲ ಮಾತು ಅದು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ, ಹಿಮ್ಮಡಿ ನೆಲಕ್ಕೊತ್ತಿ ಎಳೆದರು. ಬಿಟ್ಟರು. ಮತ್ತೆ ಎಳೆದರು. ನಾಲ್ಕನೆಯ ಸಲಕ್ಕೆ ಕರು ಒಮ್ಮೆಲೇ ಜಾರಿ ಬಂತು, ಇಬ್ಬರೂ ಹುಲ್ಲಿನ ಮೇಲೆ ಮಗುಚಿದರು. ಕರು ಉಸಿರಾಡುತ್ತಿರಲಿಲ್ಲ. ಫರ್ಗಲ್ ಅದರ ಮೂಗಿಗೆ ಹುಲ್ಲುಕಡ್ಡಿ ತುರುಕಿದ, ಟೀರ್ನನ್ ಗೋಣಿಯಿಂದ ಎದೆ ಉಜ್ಜಿದ. ಫಿಡೆಲ್ಮಾ ಮೇರಿಮಾತೆಯನ್ನು ಎರಡು ಸಲ ಕರೆದಳು. ಕರು ಸೀನಿತು, ತಲೆ ಒದರಿತು.

ಕೈ ತೊಳೆದ ಮೇಲೆ ಟೀರ್ನನ್ ಮನೆಗೆ ಹೊರಟ. "ಟೀ ಕುಡೀದೆ ಹೋದ್ರೆ ನಿಮ್ಮಪ್ಪನಿಗೆ ಹೇಳ್ತೀನಿ" ಎಂದಳು ಫಿಡೆಲ್ಮಾ, ಮೂವತ್ತನಾಲ್ಕು ವರ್ಷದವನಿಗೆ. ಹಾಗಾಗಿ ಇಬ್ಬರೂ ಅಡುಗೆಮನೆಯ ಮೇಜಿನ ಎರಡು ತುದಿಯಲ್ಲಿ ಕೂತು, ಸೋಡಾ ಬ್ರೆಡ್ಡಿಗೆ ಬಹಳ ಶ್ರದ್ಧೆಯಿಂದ ಬೆಣ್ಣೆ ಹಚ್ಚತೊಡಗಿದರು. ಅಷ್ಟರಲ್ಲಿ ಗೋಡೆಯ ಫೋನು ಹೊಡೆದುಕೊಂಡಿತು. ಅದು ಹಳೆಯದು. ಆ ಕಡೆಯವರ ಮಾತು ಇಡೀ ಕೋಣೆಗೆ ಕೇಳುತ್ತಿತ್ತು.

"ಕಾರ್ಮೆಲ್ ಅವರಾ? ರೇಡಿಯೋದಿಂದ ಡೆಕ್ಲನ್. ನಿನ್ನೆ ನೀವು ಮಾತಾಡಿದ್ದು ಜನಕ್ಕೆ ತುಂಬಾ ಹಿಡಿಸ್ತು. ಸೆಮಿಫೈನಲ್ ಬಗ್ಗೆ ಇನ್ನೆರಡು ಮಾತು ಹೇಳಿದ್ರೆ ರೆಕಾರ್ಡ್ ಮಾಡ್ಕೊಳ್ತೀವಿ. ಆ ಫರ್ಗಲ್ ಬೋಹನ್‌ಗೆ ನಿಮ್ಮ ಸಲಹೆ ಏನು?"

ಅವಳು ಮೇಜಿನ ಕಡೆ ನೋಡಿದಳು. "ಇಲ್ಲಿ ನನಗಿಂತ ಚೆನ್ನಾಗಿ ಗೊತ್ತಿರೋರು ಒಬ್ರಿದಾರೆ" ಎಂದು ಹೇಳಿ ಫೋನನ್ನು ಫರ್ಗಲ್‌ನ ಕಡೆಗೆ ಚಾಚಿದಳು. ಸುರುಳಿ ತಂತಿ ಮೇಜಿನ ಮೇಲೆ ಬಿಗಿದುಕೊಂಡಿತು. ಫರ್ಗಲ್ ಅದನ್ನು ಮುಟ್ಟಲಿಲ್ಲ, ಬೆಣ್ಣೆಚಾಕು ಕೆಳಗಿಟ್ಟ.

"ಅವರ ಹತ್ರ ಹೇಳೋದು ಏನಿಲ್ಲ" ಎಂದ. "ಇವನ ಹತ್ರ ಹೇಳ್ಬೇಕಿತ್ತು. ಎರಡು ಸಲ ನಿಮ್ಮ ಗೇಟಿನವರೆಗೆ ಬಂದೆ, ಟೀರ್ನನ್. ಜೀಪು ತಿರುಗಿಸಿಕೊಂಡು ಹೋದೆ. ಹುಡುಗರಿಗೆಲ್ಲ ಬಾಯಿ ಮುಚ್ಕೊಳ್ಳಿ ಅಂದೆ. ಮುಚ್ಕೋಬೇಕಿದ್ದವನು ನಾನೊಬ್ಬನೇ."

"ಹಲೋ, ಕಾರ್ಮೆಲ್?" ಎಂದಿತು ಫೋನು.

"ರಾಂಗ್ ನಂಬರ್. ಇಲ್ಲಿ ಯಾವ ಕಾರ್ಮೆಲೂ ಇಲ್ಲ" ಎಂದು ಫಿಡೆಲ್ಮಾ ಇಟ್ಟುಬಿಟ್ಟಳು.

ಟೀರ್ನನ್ ಲೋಟ ಪಕ್ಕಕ್ಕೆ ಸರಿಸಿದ. "ಜನ ನಕ್ಕಿದ್ದಕ್ಕೆ ನಂಗೆ ಬೇಜಾರಾಗ್ಲಿಲ್ಲ" ಎಂದ. "ನೀನು ಹೇಳಿದ್ದು ನಿಜ. ಅದಕ್ಕೇ ಬೇಜಾರು. ನಾನು ತಿರುಗೋದು ತಡ ಆಗ್ತಿದೆ. ನಂಗೆ ಹೋದ ವರ್ಷಾನೇ ಗೊತ್ತಾಗಿತ್ತು. ಬೇರೆ ಯಾರೂ ನೋಡಿಲ್ಲ ಅಂದ್ಕೊಂಡಿದ್ದೆ."

"ತಡ ಆಗ್ತಿದ್ರೂ ನೀನು ಅಲ್ಲಿದ್ದೆ. ಈಗ ನೀನೊಬ್ಬ ಮಾಡ್ತಿದ್ದ ಕೆಲಸಕ್ಕೆ ನಾಲ್ಕು ಜನ ಬೇಕು. ಹದಿನೈದು ಜನಾನ ಹಿಂದೆ ಯಾಕೆ ನಿಲ್ಲಿಸಿದೀನಿ ಅಂದ್ಕೊಂಡಿದೀಯ? ಇಷ್ಟಪಟ್ಟು ನಿಲ್ಲಿಸಿದ್ನಾ?"

ಫಿಡೆಲ್ಮಾಗೆ ಆ ಕ್ಷಣ ತಾನು ರೇಡಿಯೋದಲ್ಲಿ ಆಡಿದ್ದರಲ್ಲಿ ಅರ್ಧ ಮಾತನ್ನಾದರೂ ನುಂಗಿಕೊಳ್ಳಬೇಕೆನಿಸಿತು. ಆದರೆ ಉಳಿದರ್ಧ ಇತ್ತಲ್ಲ.

"ಹಂಗಾದ್ರೆ ಇವನನ್ನ ಆ ತುದೀಲಿ ನಿಲ್ಲಿಸು, ಅವರ ಗೋಲಿನ ಮುಂದೆ" ಎಂದಳು. "ಅಲ್ಲಿ ತಿರುಗೋ ಕೆಲಸಾನೇ ಇಲ್ಲ. ಆರಡಿ ಮೂರಂಗುಲ ಇದಾನೆ. ಚೆಂಡನ್ನ ಎತ್ತರಕ್ಕೆ ಹಾಕಿ, ಇವನು ಹಿಡೀಲಿ, ಓಡಿಬಂದವನ ಕೈಗೆ ಕೊಡ್ಲಿ."

"ಅದು ಅಜ್ಜಂದಿರ ಕಾಲದ ಆಟ ಫಿಡೆಲ್ಮಾ."

"ಅದಕ್ಕೇ ಡ್ರಮೀನಿನ ಹುಡುಗರು ನೋಡಿರಲ್ಲ."

ಫರ್ಗಲ್ ಬ್ರೆಡ್ ಕಚ್ಚಿದ. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು, "ಗುರುವಾರ ಏಳಕ್ಕೆ ಅಭ್ಯಾಸ" ಎಂದ, ಯಾರನ್ನೂ ನೋಡದೆ.

ಭಾನುವಾರ ಕ್ಯಾರಿಕ್ ಪೇಟೆಯ ಮೈದಾನದಲ್ಲಿ ಮೊದಲರ್ಧ ಎಂದಿನ ಹಾಗೇ ನಡೆಯಿತು. ಕಿಲ್ಕಾರಾದವರು ಹಿಂದಕ್ಕೆ, ಅಡ್ಡಕ್ಕೆ, ಮತ್ತೆ ಹಿಂದಕ್ಕೆ ಆಡಿದರು. ಫಿಡೆಲ್ಮಾ ಮಲ್ವಿಯ ಪಕ್ಕ ಕೂತು ಹಲ್ಲು ಕಚ್ಚಿಕೊಂಡಿದ್ದಳು. ಇನ್ನು ಇಪ್ಪತ್ತು ನಿಮಿಷ ಉಳಿದು, ಮೂರು ಅಂಕ ಹಿಂದಿದ್ದಾಗ, ಟೀರ್ನನ್ ಅಂಗಿ ಸಿಕ್ಕಿಸಿಕೊಳ್ಳುತ್ತ ಮೈದಾನಕ್ಕಿಳಿದು ನೇರ ಆ ಕಡೆಯ ಗೋಲಿಗೆ ನಡೆದ. ಡ್ರಮೀನಿನ ಕಡೆಯಿಂದ ಯಾರೋ ಪೂಂ ಎಂದರು.

ಮೊದಲ ಎತ್ತರದ ಚೆಂಡು ಅವನ ಎರಡೂ ಕೈ ತಾಗಿ ಜಾರಿ ಹೊರಗೆ ಹೋಯಿತು.

"ಯಾರದೋ ಅಡುಗೆಮನೆ ಯೋಜನೆ ಅಂತೆ" ಎಂದ ಮಲ್ವಿ ಆಕಾಶಕ್ಕೆ.

"ಬಾಯ್ಮುಚ್ಕೊಂಡು ನೋಡು."

ಎರಡನೆಯದನ್ನು ಅವನು ಹಿಡಿದ. ಇಬ್ಬರು ಕಾವಲಿನವರ ತಲೆಯ ಮೇಲಿಂದ, ಮರದಿಂದ ಸೇಬು ಕಿತ್ತ ಹಾಗೆ. ತಿರುಗಲಿಲ್ಲ, ತಿರುಗುವ ಗೋಜಿಗೇ ಹೋಗಲಿಲ್ಲ. ಬದಿಯಿಂದ ಓಡಿಬಂದ ಹುಡುಗನಿಗೆ ತಟ್ಟಿಕೊಟ್ಟ, ಹುಡುಗ ಬಲೆಗೆ ಒದ್ದ. ಒಂದೇ ಏಟಿಗೆ ಮೂರು ಅಂಕ. ಫಿಡೆಲ್ಮಾ ಎದ್ದು ನಿಂತಳು. ಆದರೆ ಅವಳಿಗಿಂತ ಮೊದಲು ಕೂಗಿದ್ದು ಮಲ್ವಿ. ಅವಳ ಭುಜ ಹಿಡಿದು ಅಲುಗಾಡಿಸುತ್ತ, ಯೋಜನೆ ತನ್ನದೇ ಎಂಬಂತೆ ಕೂಗಿದ.

ಆಮೇಲೆ ಕಿಲ್ಕಾರಾ ಒಂದು ಅಂಕ ಮುಂದೆ ಹೋಯಿತು. ಕೊನೆಯ ನಿಮಿಷದಲ್ಲಿ ಡ್ರಮೀನಿನವರು ಅದನ್ನೂ ಸರಿಗಟ್ಟಿದರು. ಯಾರೂ ಗೆಲ್ಲಲಿಲ್ಲ. ಶನಿವಾರ ಮತ್ತೆ ಆಡಬೇಕೆಂದು ಧ್ವನಿವರ್ಧಕ ಹೇಳಿತು.

ಆಟಗಾರರು ಒಳಹೋಗುವ ಸುರಂಗದ ಬಾಯಲ್ಲಿ ವರದಿಗಾರರು ಫರ್ಗಲ್‌ನನ್ನು ಸುತ್ತಿಕೊಂಡರು. ಅವನು ನಿಂತ. ಇದೇ ಸುದ್ದಿಯಾಯಿತು. "ಟೀರ್ನನ್‌ನ ಅವರ ಗೋಲಿನ ಮುಂದೆ ನಿಲ್ಲಿಸೋ ಯೋಚನೆ ನನ್ನದಲ್ಲ, ನಮ್ಮೂರಿನ ಒಬ್ಬ ಹೆಂಗಸಿನದು" ಎಂದ. "ಟೀರ್ನನ್ ಬಗ್ಗೆ ನಾನು ಆಡಬಾರದ ಮಾತು ಆಡಿದ್ದೆ. ಅದನ್ನೂ ಇಷ್ಟೇ ದಪ್ಪಕ್ಷರದಲ್ಲಿ ಬರೀರಿ." ಹೆಸರು ಕೇಳಿದವರಿಗೆ ಉತ್ತರ ಕೊಡದೆ ಹೋದ.

ಹೊರಗೆ ಚಿಪ್ಸ್ ಗಾಡಿಯ ಮುಂದೆ ಎರಡೂ ಊರಿನವರ ಒಂದೇ ಸಾಲು. ಫಿಡೆಲ್ಮಾಳ ಹಿಂದೆ ಡ್ರಮೀನಿನ ಹಸಿರು ಟೋಪಿ ಹಾಕಿದ ಹೆಂಗಸೊಬ್ಬಳು, ಅವಳದೇ ವಯಸ್ಸು.

"ನಿಮ್ಮ ಆ ಎತ್ತರದವನು ಚೆನ್ನಾಗಿ ಹಿಡಿದ" ಎಂದಳು ಅವಳು. "ನವೆಂಬರಲ್ಲಿ ಸೇರಿದ್ರೆ ನಮಗೂ ಸಿಗ್ತಾನಲ್ಲ."

"ಅವನಿಗೆ ಮೂವತ್ನಾಲ್ಕು."

"ಅವನ ಮೇಲೆ ಕಾವಲಿಗೆ ಹಾಕಿದ್ವಲ್ಲ ನಮ್ಮವನು, ಅವನಿಗೆ ಮೂವತ್ತೇಳು. ಇನ್ಯಾರೂ ಇಲ್ಲಪ್ಪ ನಮ್ಮಲ್ಲಿ."

ಫಿಡೆಲ್ಮಾಗೆ ನಗು ಬಂತು. ಡ್ರಮೀನಿನವರೊಬ್ಬರ ಮಾತಿಗೆ ತಾನು ನಕ್ಕೆನೆಂದು ಗೊತ್ತಾಗುವ ಮೊದಲೇ ನಕ್ಕಾಗಿತ್ತು. "ನಿಮ್ಮೂರ ಶಾಲೆಗೆ ಎಷ್ಟು ಮಕ್ಕಳು ಸೇರಿದ್ರು ಈ ಸಲ?" ಎಂದು ಕೇಳಿದಳು.

"ಐದು."

"ಹ್ಞೂಂ. ನಮ್ಮಲ್ಲಿ ನಾಲ್ಕು." ಸ್ವಲ್ಪ ಯೋಚಿಸಿ, "ಒಂದು ವೇಳೆ, ಒಂದು ವೇಳೆ ಅಂತ ಹೇಳ್ತಿದೀನಿ ಅಷ್ಟೇ, ಸೇರಿದ್ರೂ ಜೆರ್ಸಿ ಹಸಿರು ಮಾತ್ರ ಆಗಕೂಡದು" ಎಂದಳು.

"ಮತ್ತೇನು, ನಿಮ್ಮ ಆ ಸಾಸಿವೆ ಹಳದೀನಾ? ಹೆಣಕ್ಕೂ ಹೊದಿಸಲ್ಲ ಅದನ್ನ."

"ಅದು ಸಾಸಿವೆ ಅಲ್ಲ, ಚಿನ್ನದ ಬಣ್ಣ."

ಗಾಡಿಯವನು ಏನು ಬೇಕೆಂದು ಎರಡು ಸಲ ಕೇಳಿದ. ಹಿಂದೆ ನಿಂತಿದ್ದ ಮಲ್ವಿ ಹಸಿರು ಟೋಪಿಯವಳಿಗೂ ಸೇರಿಸಿ ಮೂರು ಪೊಟ್ಟಣ ಚಿಪ್ಸ್, ವಿನೆಗರ್ ಜಾಸ್ತಿ ಎಂದು ತಾನೇ ಹೇಳಿಬಿಟ್ಟ.