ಕಾಲಿನಿಂದ ಕಿತ್ತ ಎಳೆ

ಹಿಂದೆ ಯಾರೋ ಕಿಸಕ್ಕೆಂದರು, ಸಾವಕ್ಕನೇ ಇರಬೇಕು, ಬಾಯಲ್ಲಿ ಎಲೆ ಅಡಿಕೆ ಇದ್ದಾಗ ಮಗ್ಗಲಮನೆಯ ಆ ಮುದುಕಿಯ ನಗು ಹೀಗೆಯೇ ಮೂಗಿನಿಂದ ಬರುತ್ತದೆ — ನಗಲಿ, ಮಗ್ಗಕ್ಕೆ ಹಾಸು ಕೆಚ್ಚುವ ದಿನ ನಗದೆ ಇನ್ಯಾವತ್ತು ನಗಬೇಕು, ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಯನ್ನು ಬೂದಿ ಮುಟ್ಟಿಸಿ ಹೊಸೆದು ಕೂಡಿಸಬೇಕು, ಒಂದಲ್ಲ ಎರಡಲ್ಲ, ಸಾವಿರಾರು ಎಳೆ, ಬನಹಟ್ಟಿಯ ಓಣಿಯ ಸುದ್ದಿಯೆಲ್ಲ ಅದರೊಳಗೆ ಹೊಸೆದುಕೊಳ್ಳುತ್ತದೆ. ಗಿರಮಲ್ಲಪ್ಪ ತಲೆ ಎತ್ತಲಿಲ್ಲ. ಎಡಗಾಲನ್ನು ಉದ್ದಕ್ಕೆ ಚಾಚಿ, ಬಲಗಾಲು ಮಡಚಿ ಕೂತಿದ್ದಾನೆ, ಹೆಬ್ಬೆರಳು ತೋರುಬೆರಳಿನ ನಡುವೆ ಎಳೆ ಇದೆ, ಇದೆಯೆಂದು ತಿಳಿಯುತ್ತದೆ, ಅದೇ ದೊಡ್ಡದು, ಒಂಬತ್ತು ವರ್ಷದ ಹಿಂದೆ ಈ ಬೆರಳುಗಳಿಗೆ ಎಳೆಯೂ ಒಂದೇ ಹಗ್ಗವೂ ಒಂದೇ ಆಗಿತ್ತು — ಜಮಖಂಡಿ ರಸ್ತೆ, ಕಬ್ಬಿನ ಟ್ರ್ಯಾಕ್ಟರು, ಹಿಂದಿನ ಡಬ್ಬಿಯ ಹರಿದ ತಗಡು ಬಲಗೈಯ ಮಣಿಕಟ್ಟನ್ನು ಸೀಳಿಕೊಂಡು ಹೋದದ್ದು, ನೋವಿಗಿಂತ ಮೊದಲು ಬಂದದ್ದು ಕಬ್ಬಿನ ಸಿಹಿ ವಾಸನೆ, ಥೂ, ಇವತ್ತಿಗೂ ಬೆಲ್ಲದ ಚಹಾ ಬಾಯಿಗೆ ಬಂದರೆ ಮಣಿಕಟ್ಟು ಜುಮ್ಮೆನ್ನುತ್ತದೆ. ನರ ಎರಡು ಇಂಚು ಹಾಳಾಗಿದೆ, ಎಳೆದು ಕೂಡಿಸಲು ಬರುವುದಿಲ್ಲ, ನಡುವೆ ತುಂಡು ಹಾಕಬೇಕು ಎಂದರು ಡಾಕ್ಟರು, ಎಡಗಾಲಿನದು ತಗೋತೀವಿ ಎಂದರು, ಅಂಗಡಿಯವನು ಚಿಲ್ಲರೆ ಇಲ್ಲದ್ದಕ್ಕೆ ಚಾಕಲೇಟು ಕೊಡುತ್ತೇನೆ ಎನ್ನುವಂತೆ. ಆ ಡಾಕ್ಟರ ದನಿ ಗಿರಮಲ್ಲಪ್ಪನಿಗೆ ಇಂದಿಗೂ ಬಾಯಿಪಾಠ, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು, ಗಂಟಲನ್ನು ಕೊಳವೆ ಮಾಡಿಕೊಂಡು, ನೋಡ್ರಿ ಯಜಮಾನ್ರೇ, ಮೀನಖಂಡದ ಹಿಂದೆ ಒಂದು ನರ ಇರ್ತದೆ, ಅದಕ್ಕೆ ಹೇಳಿಕೊಳ್ಳೋವಂಥ ಕೆಲಸ ಏನಿಲ್ಲ, ಪಾದದ ಹೊರಮಗ್ಗಲು ಒಂದಿಷ್ಟು ಮರಗಟ್ಟಬಹುದು, ಆರು ತಿಂಗಳಲ್ಲಿ ನೀವೇ ಮರೆತುಬಿಡ್ತೀರಿ — ಓಣಿಯ ಕಟ್ಟೆಯ ಮೇಲೆ ಎಷ್ಟು ಸಲ ಆಡಿ ತೋರಿಸಿದ್ದಾನೋ, ಮತ್ತೊಮ್ಮೆ ಮಾಡಲೇ ಗಿರಮಲ್ಲ ಎಂದು ಗೆಳೆಯರು ಕೈ ತಟ್ಟಿದ್ದಾರೆ, ನರಕ್ಕೆ ಕೆಲಸವಿಲ್ಲ ಎಂಬಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದಾರೆ, ನಗಿಸಿದವನ ಕಾಲು ಹೇಗಿದೆಯೆಂದು ನಕ್ಕವರು ಕೇಳುವುದಿಲ್ಲ, ಅದಕ್ಕೇ ಅಲ್ಲವೇ ನಗಿಸಿದ್ದು. ಏನು ಕೆಲಸ ಮಾಡ್ತೀರಿ ಎಂದಿದ್ದರು ಡಾಕ್ಟರು, ತಗ್ಗಿನ ಮಗ್ಗ ನೇಯ್ತೇನ್ರಿ ಎಂದಿದ್ದ, ಅವರು ಕೈಯನ್ನೇ ತಿರುವಿ ತಿರುವಿ ನೋಡಿದರು, ತಗ್ಗಿನೊಳಗೆ ಇಳಿಬಿಟ್ಟ ಕಾಲು ಹಲಗೆ ತುಳಿಯದಿದ್ದರೆ ಕೈಗೆ ಮಾಡಲು ಏನಿದೆ ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ, ಉಸಿರಾಡಲು ಮೂಗು ಬೇಕು ಎಂದು ಯಾರಾದರೂ ಹೇಳುತ್ತಾರೆಯೇ.

ಮತ್ತೆ ಕಿಸಕ್. ಈ ಸಲ ವಿಜಯ, ಹೆಂಡತಿಯ ತಮ್ಮ, ಎಡಕ್ಕೆ, ಚಾಚಿದ ಕಾಲಿನ ಕಡೆ ಎಲ್ಲೋ ಕೂತಿದ್ದಾನೆ, ಮುಂಜಾನೆಯಿಂದ ಅವನಿಗೆ ಒಂದು ಎಳೆ ಕೆಚ್ಚಲು ಆಗಿಲ್ಲ, ಬಾಯಿ ಮಾತ್ರ ನಡೆದಿದೆ, ಮಾಮಾ ನಿಮ್ಮ ಬೆರಳು ಏನ್ ಓಡಾಕತ್ತಾವಲ್ರೀ, ಕಾಲಿನ ನರ ಅಂತೇಳಿ ಕೈಯಾಗ ಓಡಾಕತ್ತಾವೇನು — ಚಾಷ್ಟಿಗೆ, ತಮಾಷೆಗೆ, ಭಾವ-ಮೈದುನರ ಸಂಬಂಧ ಹೇಳಿ ಮಾಡಿಸಿದ್ದು, ಓಡಲಿ ಬಿಡಲೇ, ನಿನ್ನ ತಲ್ಯಾಗಿಂದು ತಗೊಂಡಿದ್ರ ಕೈ ಮಲಗೇ ಬಿಡತಿತ್ತು ಎಂದು ಇವನೂ ಅಂದಿದ್ದ. ಆದರೆ ವಿಜಯನ ಕಣ್ಣು ಮಗ್ಗದ ತಗ್ಗಿನ ಮೇಲಿದೆ, ಗರಸು ಮಣ್ಣು ಸುರಿದು ಮುಚ್ಚಿ ಎರಡು ಪವರ್‌ಲೂಮು ಕೂಡಿಸೋಣ್ರಿ, ಅಕ್ಕನ ಮೊಣಕಾಲು ಹೋದವು, ಇನ್ನೆಷ್ಟು ದಿನ ಆಕೀನ ತಗ್ಗಿನ್ಯಾಗ ಇಳಸ್ತೀರಿ, ಖರೆ, ಒಂಬತ್ತು ವರ್ಷ ಹೆಂಡತಿ ಶೇವಂತಿಯೇ ನೇಯ್ದಳು, ಇವನು ಲಾಳಿಯ ಕಂಡಿಕೆಗೆ ನೂಲು ಸುತ್ತಿದ, ಎಳೆಗೆ ಗಂಜಿ ಹಚ್ಚಿದ, ಮೀನಖಂಡ ಸೆಳೆಯತದ ಎಂದು ನೆಪ ಹೇಳಿದ, ಸೆಳೆತ ಸುಳ್ಳಲ್ಲ, ಪಾದದ ಹರಡಿನ ಹಿಂದಿನ ಗಾಯದ ಗುರುತಿಗೆ ಧೋತರದ ಅಂಚು ತಾಗಿದರೂ ಕಿರುಬೆರಳವರೆಗೆ ಕರೆಂಟು ಹೊಡೆಯುತ್ತದೆ, ಅದೇ ಕಿರುಬೆರಳನ್ನು ಚಿವುಟಿದರೆ ಏನೂ ಇಲ್ಲ, ಎಂಥ ಹರಾಮಿ ಬೆರಳು, ನೋಯಲು ಮಾತ್ರ ಬದುಕಿದೆ, ಮುಟ್ಟಿದರೆ ಸತ್ತಿದೆ. ಸತ್ತದ್ದನ್ನು ಮಾತ್ರ ಶೇವಂತಿಗೆ ಹೇಳಲಿಲ್ಲ. ಒಮ್ಮೆ ಅವಳು ರಬಕವಿ ಸಂತೆಗೆ ಹೋದಾಗ ತಗ್ಗಿಗೆ ಇಳಿದ, ಎಡಗಾಲು ಹಲಗೆಯ ಮೇಲಿದೆಯೆಂದು ತುಳಿದ, ಅರ್ಧ ಪಾದ ಹೊರಗೆ ಜಾರಿತ್ತು, ಹೊರಮಗ್ಗಲು ಹೇಳಬೇಕಿತ್ತಲ್ಲ ಜಾರಿದೆನೆಂದು, ಹೇಳಲಿಲ್ಲ, ಹಾಸು ಅರ್ಧವೇ ಬಾಯಿ ತೆರೆಯಿತು, ಬೀಸಿದ ಲಾಳಿ ಎಳೆಗಳಿಗೆ ಸಿಕ್ಕಿ ಪಟಪಟ ನಲವತ್ತು ಹರಿದವು, ಇಲಿ ಕಡದಾವ ಎಂದ ಸಂಜೆ, ವಿಜಯ ಮರುದಿನ ಮುಧೋಳದಿಂದ ಬೋನು ತಂದ, ಪಾಪದ ಇಲಿಯೊಂದು ಸಿಕ್ಕೂ ಬಿಟ್ಟಿತು. ಈಗ ನೆಲ ನೋಡಿಕೊಂಡು ತುಳಿಯುವುದನ್ನು ಕಲಿತಿದ್ದೇನೆ, ಮೂರು ತಿಂಗಳು ಖುರ್ಚಿಯ ಮೇಲೆ ಕೂತು ಗುಟ್ಟಾಗಿ ಎರಡು ಇಟ್ಟಿಗೆ ತುಳಿದಿದ್ದೇನೆ, ಹೆಬ್ಬೆರಳಿನ ಬದಿಯಿಂದ ಅಂದಾಜು ಹಿಡಿಯಬಹುದು, ಹಿಡಿದೇನು — ಅದಕ್ಕೇ ಹೋದ ವಾರ ಎಲ್ಲರೆದುರು ಎದೆ ತಟ್ಟಿ ಅಂದದ್ದು, ಈ ಹಾಸು ನಾನ ನೇಯ್ತೇನಿ, ನೇಯಾಕ ಆಗಲಿಲ್ಲಂದ್ರ ಅವತ್ತ ತಗ್ಗು ಮುಚ್ಚಿಬಿಡ್ರಿ. ಶೇವಂತಿ ಹುಡುಗಿಯ ಹಾಗೆ ನಕ್ಕಿದ್ದಳು, ಖರೇನ್ರೀ ಎಂದು, ಒಂಬತ್ತು ವರ್ಷದಲ್ಲಿ ಆ ನಗು ಕಂಡಿರಲಿಲ್ಲ, ಆ ನಗುವಿಗಾದರೂ —

ಈಗ ಎಲ್ಲರೂ ನಗುತ್ತಿದ್ದಾರೆ, ತಡೆದಿಟ್ಟ ನಗು ಒಮ್ಮೆಲೇ ಒಡೆದಿದೆ, ಸಾವಕ್ಕ ಎಲೆಯ ರಸ ಸೆರಗಿಗೆ ಒರೆಸಿಕೊಂಡು, ಅಯ್ಯ ಗಿರಮಲ್ಲ, ನಿನ್ನ ಕಾಲ ನೋಡ್ಕೋಳೋ ತಮ್ಮಾ, ವಿಜಯ ಹೊಟ್ಟೆ ಹಿಡಿದು, ಮೂರು ಮಾಮಾ ಮೂರು, ಇನ್ನೂ ಎಚ್ಚರಿಲ್ಲ ನಿಮಗ! ನೋಡಿದ. ಚಾಚಿದ ಎಡಪಾದದ ಹೊರ ಅಂಚಿನಲ್ಲಿ ಅರಿವೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪು, ಕೆಂಪು ಒಂದು, ಹಳದಿ ಒಂದು, ಕಿರುಬೆರಳನ್ನೇ ಕಚ್ಚಿಕೊಂಡ ನೀಲಿ ಒಂದು, ಚರ್ಮ ಎತ್ತಿ ಹಿಡಿದು ನೆಟ್ಟಗೆ ನಿಂತಿವೆ, ಯಾರದೋ ಕಾಲಿನ ಮೇಲೆ ನಿಂತ ಹಾಗೆ. ಮೊದಲನೆಯದಕ್ಕೇ ಹಾರಬೇಕಿತ್ತು, ಹಾರುತ್ತಾನೆಂದೇ ಹಾಕಿದ್ದ ಹುಡುಗ, ಹಾರದ್ದಕ್ಕೆ ಎರಡನೆಯದು, ಮೂರನೆಯದು. ನೋವಾಯಿತು ಎನ್ನಲೇ, ಗೊತ್ತಿದ್ದೇ ಸುಮ್ಮನಿದ್ದೆ ಎನ್ನಲೇ, ಈಗ ಏನು ಅಂದರೂ ತಡ, ವಿಜಯನ ನಗು ನಡುವೆಯೇ ನಿಂತುಹೋಯಿತು, ಅವನು ಕಾಲು ನೋಡಿದ, ತಗ್ಗು ನೋಡಿದ, ಮಾಮಾ ಎಂದ, ಚಾಷ್ಟಿಯ ದನಿಯಲ್ಲಲ್ಲ. ಹಾಸಿನ ಆಚೆಯಿಂದ ಶೇವಂತಿ ಎದ್ದು ಬಂದಳು, ಮೊಣಕಾಲಿಗೆ ಕೈಯೂರಿ ನೋಯುತ್ತ ಕೂತಳು, ನಗುತ್ತಿಲ್ಲ, ಕೆಂಪನ್ನು ತೆಗೆದಳು, ಹಳದಿಯನ್ನು ತೆಗೆದಳು, ನೀಲಿಯನ್ನು ತೆಗೆದ ಜಾಗದಲ್ಲಿ ಎರಡು ಬಿಳೀ ತಗ್ಗು, ಅಲ್ಲಿ ತನ್ನ ಉಗುರನ್ನು ಇಟ್ಟಳು, ಒತ್ತಿದಳು, ಇಲ್ಲೆ ಗೊತ್ತಾಗತದೇನ್ರೀ, ಇಲ್ಲೆ, ಇಲ್ಲೆರೀ, ಯಾವಾಗಿಂದ ಹಿಂಗ — ಗಿರಮಲ್ಲಪ್ಪ ನಕ್ಕ, ಏ ಭಾರೀ ಮಾಡಿದ್ಯಲೇ ವಿಜ್ಯಾ ಎಂದು ತೊಡೆ ತಟ್ಟಿ ನಕ್ಕ, ಯಾರೂ ಕೂಡಿ ನಗದಿದ್ದರೂ ನಕ್ಕ, ಕಣ್ಣಲ್ಲಿ ನೀರು ಬರುವಂತೆ ಓಣಿಗೆಲ್ಲ ಕೇಳುವಂತೆ ನಕ್ಕ, ನಗುತ್ತಲೇ ನೋಡಿದ, ಅವಳ ಉಗುರು ಅವನ ಕಾಲಿನೊಳಗೆ ಇಳಿಯುತ್ತಿತ್ತು, ಬಿಳಿಚಿಕೊಂಡಿತ್ತು, ಇನ್ನೂ ಇಳಿಯುತ್ತಿತ್ತು, ಅವಳ ಉಗುರು —